ಇಪ್ಪತ್ತೇಳನೇ ಮೊಳೆ

"ಅದೂ ಕೊಡು ತಾತ. ಇಪ್ಪತ್ತೇಳು. ನಮ್ಮಣ್ಣಂದು."

ಗೇಟಿನ ತಾತ ನನ್ನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಹಾಕಿದ್ದ. ಇಪ್ಪತ್ತೇಳನೇ ಮೊಳೆಯಲ್ಲಿ ನೇತಾಡುತ್ತಿದ್ದ ಬಿಲ್ಲೆಯನ್ನು ಮುಟ್ಟಲಿಲ್ಲ.

"ಅವನ್ ಬರ್ಲಿ. ಅವನ್ ಕೈಗೇ ಕೊಡ್ತೀನಿ."

"ಹಿಂದೇನೇ ಬತ್ತಾವ್ನೆ."

"ಬರ್ಲಿ ತಂಬಿ. ಬಂದೋನ್ ಕೈಗೆ ಬಿಲ್ಲೆ."

ನನ್ನ ಟ್ರ್ಯಾಕ್ಟರ್ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಎರಡು ಟೊಮೇಟೊ ಟೆಂಪೊ, ಅದರ ಹಿಂದೆ ಎಷ್ಟೋ ಗಾಡಿ. ಸೇತುವೆ ಉದ್ದಕ್ಕೂ ಹಾರನ್ ಹೊಡೆಯುತ್ತಿದ್ದರು. ಹಾಲಿನ ವ್ಯಾನಿನವನು ತಲೆ ಹೊರಗೆ ಹಾಕಿ, "ಏನ್ಲಾ, ಅಲ್ಲೇ ಸಂಸಾರ ಊಡ್ತೀಯಾ? ಆಲು ಒಡೆದೋಗ್ತದೆ, ಮುಂದಕ್ಕೆ ತಗಿ" ಅಂದ. ನಾನು ಇಂಜಿನ್ ಆಫ್ ಮಾಡಿ ಸೀಟಿನ ಮೇಲೆ ಗಟ್ಟಿಯಾಗಿ ಕೂತೆ. ಕೊಡದಿದ್ದರೆ ಹೋಗುವುದಿಲ್ಲ ಅಂತ.

"ಸೇತ್ವೆ ಮೇಲೇ ಅವ್ನೆ ತಾತ. ನಾನೇ ನೋಡ್ದೆ."

"ನೋಡ್ದಾ?"

"ನೋಡ್ದೆ."

"ಕಣ್ಣಾರೆ?"

"ಕಣ್ಣಾರೆ."

ತಾತ ಕೆಮ್ಮಿದ. ಉದ್ದ ಕೆಮ್ಮು. ಮುಗಿದ ಮೇಲೆ ಇಪ್ಪತ್ತೇಳನ್ನು ತೆಗೆದು ಕೊಟ್ಟ. ಅಡ್ಡಗಂಬ ಮೇಲೆ ಹೋಯಿತು, ನಾನು ಹೊರಟೆ.

ಆಗ ನನಗೆ ಇಪ್ಪತ್ತೊಂದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಟ್ರ್ಯಾಕ್ಟರ್ ನನ್ನದಲ್ಲ, ಇಟ್ಟಿಗೆ ಗೂಡಿನ ಸಾಹುಕಾರನದು. ಗೂಡು ಇದ್ದದ್ದು ಬೇತಮಂಗಲದ ಹತ್ತಿರ ಪಾಲಾರ್ ಹೊಳೆಯ ಆ ಕಡೆ. ನಮ್ಮ ಊರು ಈ ಕಡೆ. ಅಣ್ಣನಿಗೆ ಸ್ವಂತ ಎತ್ತಿನ ಗಾಡಿ ಇತ್ತು. ಅವನೂ ಅದೇ ಗೂಡಿನಿಂದ ಇಟ್ಟಿಗೆ ಲೋಡು ಹೊಡೆಯುತ್ತಿದ್ದ. ನಾನು ದೂರದ ಲೋಡು, ಕೆಜಿಎಫ್‌ಗೂ ಬಂಗಾರಪೇಟೆಗೂ. ಅವನು ಹತ್ತಿರದ ಹಳ್ಳಿಗಳಿಗೆ. ಬೆಳಗ್ಗೆ ಇಬ್ಬರೂ ಸೇತುವೆ ದಾಟಿ ಆ ಕಡೆ ಹೋಗುವುದು, ಸಾಯಂಕಾಲ ಕೊನೇ ಲೋಡಿನ ಜೊತೆ ಈ ಕಡೆ ಬರುವುದು. ದಿನಾ ಇದೇ.

ಗೇಟಿನ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಸೇತುವೆಯ ಸುಂಕವನ್ನು ಒಬ್ಬ ಕಂಟ್ರಾಕ್ಟರು ಟೆಂಡರಿನಲ್ಲಿ ಹಿಡಿದಿದ್ದ. ಮೊದಲು ಗೇಟಿನಲ್ಲೇ ಕಾಸು ವಸೂಲಿ. ಬೆಳಗ್ಗೆ ಎಲ್ಲರೂ ನೋಟು ಹಿಡಿದು ಬರುವುದು, ಗೇಟಿನವನ ಹತ್ತಿರ ಚಿಲ್ಲರೆ ಇಲ್ಲದೆ ಹೋಗುವುದು, ಜಗಳ. ಗೇಟಿನವರು ಬಂದದ್ದರಲ್ಲಿ ಅರ್ಧ ಜೇಬಿಗೆ ಹಾಕುತ್ತಾರೆ ಅಂತ ಕಂಟ್ರಾಕ್ಟರಿಗೆ ಅನುಮಾನ ಬೇರೆ. ಅದಕ್ಕೆ ಅವನು ಗೇಟಿನಲ್ಲಿ ಕಾಸು ಮುಟ್ಟುವುದನ್ನೇ ನಿಲ್ಲಿಸಿಬಿಟ್ಟ. ದಿನಾ ಓಡಾಡುವವರು ತಿಂಗಳಿಗೊಂದು ಸಲ ಬಂಗಾರಪೇಟೆಯ ಅವನ ಅಂಗಡಿಗೆ ಹೋಗಿ ದುಡ್ಡು ಕಟ್ಟಬೇಕು. ನಂಬರು ಹೊಡೆದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ. ಹೊರಗಿನ ಲಾರಿಯವರು ಗೇಟಿನ ಪಕ್ಕದ ಟೀ ಅಂಗಡಿಯಲ್ಲಿ ಚೀಟಿ ಕೊಂಡು ಬರಬೇಕು. ಬಿಲ್ಲೆ ತೋರಿಸು, ಹೋಗು. ಕಾಸಿಲ್ಲ, ಚಿಲ್ಲರೆ ಇಲ್ಲ, ಮಾತಿಲ್ಲ.

ನಮ್ಮ ಜನ ಸುಮ್ಮನಿರುತ್ತಾರಾ? ಮೊದಲನೇ ವಾರವೇ ಕಲಿತರು. ಮುಂದಿನ ಗಾಡಿಯವನು ಬಿಲ್ಲೆ ತೋರಿಸಿ ದಾಟುವುದು, ಹಿಂದಿನವನಿಗೆ ಎಸೆಯುವುದು. ಒಂದು ಬಿಲ್ಲೆಯಲ್ಲಿ ಮೂರು ಗಾಡಿ. ನಾನೂ ಎಸೆದಿದ್ದೇನೆ.

ಆಗ ಗೇಟಿಗೆ ಈ ತಾತ ಬಂದ. ಕೆಜಿಎಫ್‌ನ ನಂದಿದುರ್ಗದಲ್ಲಿ ಗಣಿ ಕೂಲಿಗಳ ಲೈನ್ ಮನೆಯವನು. ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಕೆಳಗೆ ಇಳಿದು ಹತ್ತಿದವನು. ಕೆಮ್ಮು ತಗೊಂಡು ಮನೆಗೆ ಬಂದಿದ್ದ. ಮನೆಯಲ್ಲಿ ತಮಿಳು, ಗೇಟಿನಲ್ಲಿ ನಮ್ಮ ಕನ್ನಡ, ಬೈಯುವುದಕ್ಕೆ ತೆಲುಗು. ಅವನು ಬಂದ ಎರಡನೇ ದಿನ ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆದ. ಮೊಳೆ ಕೆಳಗೆ ಸುಣ್ಣದಲ್ಲಿ ನಂಬರು ಬರೆದ.

"ಇನ್ ಮೇಲೆ ತೋರ್ಸೋದಿಲ್ಲ. ಕೊಡೋದು" ಅಂದ. "ಆ ಕಡೆ ಓಗ್ವಾಗ ಬಿಲ್ಲೆ ನನ್ ಕೈಗೆ. ಈ ಕಡೆ ಬಂದಾಗ ನಿನ್ ಕೈಗೆ. ಶಾಫ್ಟಲ್ಲಿ ಇಂಗೇ. ಕೆಳಕ್ಕೆ ಓಗೋನು ಬಿಲ್ಲೆ ಕೊಟ್ಟು ಓಗ್ತಾನೆ. ಮೇಲಕ್ ಬಂದೋನು ತಗೊಂಡು ಮನೆಗೋಗ್ತಾನೆ. ಬಿಲ್ಲೆ ಐತೆ ಅಂದ್ರೆ ಆಳು ಒಳಗವ್ನೆ."

"ತಾತ, ಇದು ಸೇತ್ವೆ ಕಣೋ, ಗಣಿ ಅಲ್ಲ" ಅಂತ ಯಾರೋ ನಕ್ಕರು.

"ನಿಂಗೇನ್ ಗೊತ್ತು. ದಾಟೋದು ಅಂದ್ರೆ ದಾಟೋದೇ."

ಕಂಟ್ರಾಕ್ಟರಿಗೆ ಖುಷಿ. ಬಿಲ್ಲೆ ಮೊಳೆ ಮೇಲೆ ಇದ್ದರೆ ಹಿಂದಕ್ಕೆ ಎಸೆಯುವುದು ಹೇಗೆ? ಅವನು ಇನ್ನೊಂದು ಕಾನೂನು ಸೇರಿಸಿದ. ದೀಪ ಹಚ್ಚುವ ಹೊತ್ತಿಗೆ ಅವನ ಕಡೆಯ ಆಳು ಸೈಕಲ್ಲಿನಲ್ಲಿ ಬರುತ್ತಿದ್ದ. ಮೊಳೆ ಮೇಲೆ ಉಳಿದ ನಂಬರು ಬರೆದುಕೊಳ್ಳುತ್ತಿದ್ದ. ಹಾಗೆ ಬರೆದ ಗಾಡಿಯನ್ನು ಮಾರನೇ ದಿನ ಬಿಡುವ ಹಾಗಿಲ್ಲ. ಬಿಲ್ಲೆಗೆ ದಿನಕ್ಕೆ ಒಂದೇ ಸುತ್ತು, ತಡವಾಗಿ ಬರುವವರು ಕದ್ದು ಎರಡನೆಯದೂ ಹೊಡೆಯುತ್ತಾರೆ ಅಂತ ಅವನ ಲೆಕ್ಕ.

ಕಂಟ್ರಾಕ್ಟರಿಗೆ ಹಲಗೆ ಕಳ್ಳರನ್ನು ಹಿಡಿಯುವುದಕ್ಕೆ. ತಾತನಿಗೆ ಅದಕ್ಕಲ್ಲ. ಸೈಕಲ್ಲಿನವನು ಹೋದ ಮೇಲೂ ತಾತ ಹೋಗುತ್ತಿರಲಿಲ್ಲ. ಒಂದು ಬಿಲ್ಲೆ ಉಳಿದಿದ್ದರೂ ಗುಡಿಸಲ ಮುಂದೆ ಬೀಡಿ ಹಚ್ಚಿಕೊಂಡು ಕೂತಿರುತ್ತಿದ್ದ. ತೀರಾ ತಡವಾದರೆ ಯಾರನ್ನಾದರೂ ಹಿಡಿದು, "ಓಗಿ ನೋಡ್ಕೊಂಡ್ ಬಾ" ಅಂತ ಆ ಕಡೆ ಕಳಿಸುತ್ತಿದ್ದ. ಒಂದು ಸಲ ನನ್ನನ್ನೂ ಕಳಿಸಿದ. ಸೌದೆ ಗಾಡಿಯ ಒಬ್ಬ ಮುದುಕ ಬಂದಿರಲಿಲ್ಲ. ನಾನು ಬೈದುಕೊಂಡು ಹೋದೆ. ಮುದುಕ ಜ್ವರ ಬಂದು ಹುಣಸೆ ಮರದ ಕೆಳಗೆ ಜ್ಞಾನ ತಪ್ಪಿ ಬಿದ್ದಿದ್ದ. ಟ್ರೈಲರಿನಲ್ಲಿ ಹಾಕಿಕೊಂಡು ಬಂದೆ, ಬದುಕಿದ. ತಾತ ಅವನ ಬಿಲ್ಲೆಯನ್ನು ಅವನ ಕೈಯೊಳಗೇ ಇಟ್ಟು ಬೆರಳು ಮಡಚಿದ. ಜ್ಞಾನ ಇಲ್ಲದವನ ಕೈಗೆ. ನಾನು ನಕ್ಕಿದ್ದೆ.

ಆ ದಿನಕ್ಕೆ ಬರುತ್ತೇನೆ.

ಅಣ್ಣನ ಎಡಗಡೆ ಎತ್ತು ಎರಡು ದಿನದಿಂದ ಕುಂಟುತ್ತಿತ್ತು. ಗೊರಸಿನ ನಾಲು, ಅಂದರೆ ಲಾಳ, ಸವೆದು ಒಂದು ಕಡೆ ಕಿತ್ತುಬಂದಿತ್ತು. ಮಧ್ಯಾಹ್ನ ಗೂಡಿನಲ್ಲಿ ಇಬ್ಬರೂ ಬುತ್ತಿ ಉಣ್ಣುವಾಗ ಹೇಳಿದ.

"ಇವತ್ತು ಕೊನೇ ಲೋಡು ಇಳಿಸ್ಬುಟ್ಟು ಅಂಗೇ ನಾಲು ಕಟ್ಟೋನ ಅತ್ರ ಓಗ್ತೀನಿ. ತಡ ಆದ್ರೆ ಅಲ್ಲೇ ಮಲಗ್ತೀನಿ. ಮನೇಲಿ ಯೇಳು."

ನಾಲು ಕಟ್ಟುವವನು ಬಂಗಾರಪೇಟೆ ರಸ್ತೆಯಲ್ಲಿ, ಅಂದರೆ ಹೊಳೆಯ ಈ ಕಡೆ.

"ಈ ಎತ್ತಲ್ಲಿ ನೀನು ದೀಪದ ಒತ್ತಿಗೆ ಗೇಟಿಗೆ ಬಂದಂಗೇ ಐತೆ" ಅಂದೆ ನಾನು. "ಓದ್ ತಿಂಗ್ಳು ಎರಡ್ ಸಲ ಬಿಲ್ಲೆ ಉಳಿಸ್ಕೊಂಡೆ. ಎರಡ್ ದಿನ ಮನೇಲಿ ಕೂತೆ. ನಾಚ್ಕೆ ಆಗಲ್ವಾ?"

"ಎತ್ತಿಗೆ ನಾಚ್ಕೆ ಯೇಳು. ನಾನೇನ್ಲಾ ಮಾಡ್ಲಿ."

"ನಿನ್ನ ಬಿಲ್ಲೆ ನಾನೇ ಇಸ್ಕೊಂಡಿರ್ತೀನಿ ಬುಡು."

"ತಾತ ಕೊಡಾಕಿಲ್ಲ."

"ಇಸ್ಕೊತೀನಿ ಬುಡು ಅಂದ್ನಲ್ಲ."

ಅಣ್ಣ ನಕ್ಕ. ನನ್ನ ತಟ್ಟೆಗೆ ಅವನ ಉಪ್ಪಿನಕಾಯಿ ಹಾಕಿದ. ಅವನು ಯಾವಾಗಲೂ ಹಾಗೆ, ಕೇಳದೆ ಹಾಕುವವನು.

ಸಾಯಂಕಾಲ ನಾನು ಲೋಡು ತುಂಬಿಕೊಂಡು ಹೊರಟಾಗ ಅವನ ಗಾಡಿ ಇನ್ನೂ ತುಂಬುತ್ತಿತ್ತು. ಸೇತುವೆ ಹತ್ತಿ ಮಧ್ಯಕ್ಕೆ ಬಂದಾಗ ಸಾಲು ನಿಂತಿತು. ಹಿಂದಕ್ಕೆ ತಿರುಗಿದೆ. ಆ ತುದಿಯಲ್ಲಿ ಒಂದು ಎತ್ತಿನ ಗಾಡಿ ಸೇತುವೆ ಹತ್ತುತ್ತಿತ್ತು. ಬಿಳಿ ಎತ್ತುಗಳು. ಅಣ್ಣನವೂ ಬಿಳಿ. ಅಷ್ಟೇ ನಾನು ನೋಡಿದ್ದು. ಗಾಡಿ ಹೊಡೆಯುವವನ ಮುಖ ನೋಡಲಿಲ್ಲ, ಎತ್ತು ಕುಂಟುತ್ತಿದೆಯೋ ಇಲ್ಲವೋ ನೋಡಲಿಲ್ಲ. ಗಾಡಿಯಲ್ಲಿ ಇಟ್ಟಿಗೆ ಇದೆಯೋ ಹುಲ್ಲು ಇದೆಯೋ ಅದೂ ನೋಡಲಿಲ್ಲ. ನನಗೆ ಬೇಗ ಲೋಡು ಇಳಿಸಿ ಮನೆಗೆ ಹೋಗಬೇಕಿತ್ತು. ಮಧ್ಯಾಹ್ನದ ಬುತ್ತಿ ಆಗಲೇ ಕರಗಿ ಹಸಿವಾಗಿತ್ತು.

ಗೇಟಿನಲ್ಲಿ ನಡೆದದ್ದು ಮೊದಲೇ ಹೇಳಿದೆ.

ಮನೆಗೆ ಬಂದು ಅಣ್ಣನ ಬಿಲ್ಲೆಯನ್ನು ಅತ್ತಿಗೆ ಕೈಗೆ ಕೊಟ್ಟೆ. ಅವಳು ಅದನ್ನು ಒಲೆ ಪಕ್ಕದ ಗೂಡಿನಲ್ಲಿ, ದಿನಾ ಇಡುವ ಜಾಗದಲ್ಲೇ ಇಟ್ಟಳು. ನಮ್ಮ ಮನೆಯಲ್ಲಿ ಅದೊಂದು ಅಭ್ಯಾಸ ಆಗಿಬಿಟ್ಟಿತ್ತು. ಬಿಲ್ಲೆ ಗೂಡಿಗೆ ಬಂತು ಅಂದರೆ ಗಂಡಸು ಹೊಳೆ ದಾಟಿ ಈ ಕಡೆ ಬಂದ. ಅಮ್ಮ ಅಲ್ಲಿಗೆ ನಿಶ್ಚಿಂತೆ.

"ಎಲ್ಲಿ ಅವ್ರು?" ಅಂದಳು ಅತ್ತಿಗೆ.

"ದಾಟವ್ನೆ. ನಾಲು ಕಟ್ಟೋನ ಅತ್ರ ಓಗಿರ್ತಾನೆ. ತಡ ಆದ್ರೆ ಅಲ್ಲೇ ಮಲಗ್ತೀನಿ ಅಂದ."

"ಎತ್ತಿಗೆ ಇರೋ ಯೋಗ ನಂಗಿಲ್ಲ" ಅಂತ ನಕ್ಕಳು. ಮುದ್ದೆ ಇಟ್ಟಳು, ಅವರೆಕಾಯಿ ಸಾರು. ನಾನು ಒಂದು ಮುದ್ದೆ ಮುಗಿಸಿ ತಟ್ಟೆ ನೋಡುತ್ತಾ ಕೂತೆ. ಅವಳು ಮುಚ್ಚಿಟ್ಟಿದ್ದ ಇನ್ನೊಂದನ್ನು ತೆಗೆದು ಹಾಕಿದಳು.

"ಅಣ್ಣಂದಲ್ವಾ?"

"ಅವ್ರು ಬಂದ್ರೆ ಇನ್ನೊಂದ್ ಮಾಡ್ತೀನಿ. ತಿನ್ನು."

ತಿಂದೆ. ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ತಾತ ಗೇಟಿಗೆ ಬಂದಾಗ ಒಂದು ಬಿಳಿ ಎತ್ತು ಅಡ್ಡಗಂಬದ ಹತ್ತಿರ ನಿಂತಿತ್ತಂತೆ. ಕೊರಳ ಹಗ್ಗ ಹರಿದು ಜೋಲಾಡುತ್ತಿತ್ತಂತೆ. ಕಂಬದ ಈ ಕಡೆ ಅಲ್ಲ, ಆ ಕಡೆ. ಸೇತುವೆಯ ಕಡೆ. ತಾತ ಹಲಗೆ ನೋಡಿದ. ಒಂದು ಮೊಳೆಯಲ್ಲೂ ಬಿಲ್ಲೆ ಇಲ್ಲ. ಎಲ್ಲರೂ ಬಂದಾಗಿದೆ. ಆದರೆ ಎತ್ತು ಆ ಕಡೆಯಿಂದ ಬಂದು ನಿಂತಿದೆ, ಒಂದು ಕಾಲು ಎತ್ತಿಕೊಂಡು. ಟೀ ಅಂಗಡಿಯವನು ನನಗೆ ಆಮೇಲೆ ಹೇಳಿದ: ತಾತ ಹಲಗೆ ಮುಂದೆ ನಿಂತು ಮೊಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಾ ಹೋದ, ಇಪ್ಪತ್ತೇಳಕ್ಕೆ ಬಂದು ನಿಲ್ಲಿಸಿದ. ಆಮೇಲೆ ಕೆಮ್ಮುತ್ತಾ ಸೇತುವೆ ಮೇಲೆ ಓಡಿದ.

ಅದೇ ಹೊತ್ತಿನಲ್ಲಿ ನಾನು ಸೈಕಲ್ಲಿನಲ್ಲಿ ನಾಲು ಕಟ್ಟುವವನ ಹತ್ತಿರ ಹೋಗಿದ್ದೆ. "ಬಂದೇ ಇಲ್ವಲ್ಲಪ್ಪ" ಅಂದ ಅವನು. ಬಂಗಾರಪೇಟೆ ರಸ್ತೆಯಲ್ಲಿ ಇನ್ನೂ ಎರಡು ಕಡೆ ಕೇಳಿದೆ. ಪರಿಚಯದವರ ಮನೆಗೆ ಹೋದೆ. ಎಲ್ಲಾ ಈ ಕಡೆ. ಹೊಳೆಯ ಆ ಕಡೆ ಹೋಗಬೇಕು ಅಂತ ನನಗೂ ಹೊಳೆಯಲಿಲ್ಲ, ಅಮ್ಮನಿಗೂ ಇಲ್ಲ. ಬಿಲ್ಲೆ ಗೂಡಿನಲ್ಲಿ ಇತ್ತಲ್ಲ.

ಇಟ್ಟಿಗೆ ಗೂಡಿನಿಂದ ಸೇತುವೆಗೆ ಜಲ್ಲಿ ರಸ್ತೆ. ಕುಂಟುವ ಎತ್ತಿಗೆ ಜಲ್ಲಿ ಚುಚ್ಚುತ್ತದೆ ಅಂತ ಅಣ್ಣ ಗಾಡಿಯನ್ನು ಹೊಳೆಯ ಮರಳಿಗೆ ಇಳಿಸಿದ್ದ. ಪಾಲಾರಿನಲ್ಲಿ ಆಗ ನೀರಿಲ್ಲ, ಬರೀ ಮರಳು. ಮರಳಿನ ಲಾರಿಯವರು ಅಲ್ಲಲ್ಲಿ ಗುಂಡಿ ತೋಡಿ ಬಿಟ್ಟಿದ್ದರು. ಒಂದು ಗುಂಡಿಯ ಅಂಚು ಕುಸಿದು ಗಾಡಿ ಮಗುಚಿತ್ತು. ಇಟ್ಟಿಗೆ ಎಲ್ಲಾ ಅವನ ಸೊಂಟದ ಮೇಲೆ, ಕಾಲಿನ ಮೇಲೆ. ಒಂದು ಎತ್ತು ನೊಗದ ಕೆಳಗೆ ಸತ್ತಿತ್ತು.

ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಜನ ಇಟ್ಟಿಗೆ ತೆಗೆಯುತ್ತಿದ್ದರು. ಅಣ್ಣನ ಮೈ ತಣ್ಣಗಾಗಿತ್ತು. ತಲೆಗೆ ಏನೂ ಆಗಿರಲಿಲ್ಲ, ಎದೆಗೂ ಇಲ್ಲ. ಬಲಗೈ ಪಕ್ಕದಲ್ಲಿ ಒಂದು ಚಿಲುಮೆ ಇತ್ತು. ಬೇಸಿಗೆಯಲ್ಲಿ ನಮ್ಮ ಹೆಂಗಸರು ಮರಳಿನಲ್ಲಿ ಕೈಯಿಂದ ತೋಡಿ ನೀರು ತೆಗೆಯುತ್ತಾರಲ್ಲ, ಅದು. ಮೊಳಕೈ ಆಳ. ತಳದಲ್ಲಿ ತಿಳಿ ನೀರು ನಿಂತಿತ್ತು. ಮಲಗಿದ ಕಡೆಯೇ ಒಂದೇ ಕೈಯಲ್ಲಿ ತೋಡಿದ್ದ. ಉಗುರೆಲ್ಲಾ ಸವೆದಿತ್ತು. ಅಷ್ಟು ಆಳ ತೋಡಬೇಕು, ನೀರು ಒಸರಬೇಕು, ತಿಳಿಯಾಗಬೇಕು. ಎಷ್ಟು ಹೊತ್ತು ಬೇಕು ಅಂತ ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು.

ಸೇತುವೆ ಅಲ್ಲಿಂದ ಕಾಣುತ್ತದೆ. ಗೇಟಿನ ದೀಪವೂ ಕಾಣುತ್ತದೆ. ಬಿಲ್ಲೆ ಮೊಳೆ ಮೇಲೆ ಉಳಿದಿದ್ದರೆ ತಾತ ಯಾರನ್ನಾದರೂ ಕಳಿಸಿರುತ್ತಿದ್ದ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಪೊಲೀಸಿನವರು ಬಂದು ಬರೆದುಕೊಂಡು ಹೋದರು. ಮೂರನೇ ದಿನ ಗೇಟಿನ ಹತ್ತಿರ ಊರಿನವರು ಸೇರಿದರು. ಕಂಟ್ರಾಕ್ಟರೂ ಬಂದ. ನಮ್ಮ ಕಡೆಯ ಒಬ್ಬ ದೊಡ್ಡವನು ತಾತನ ಎದುರಿಗೆ ನಿಂತ.

"ಬಿಲ್ಲೆ ಐತೆ ಅಂದ್ರೆ ಆಳು ಒಳಗವ್ನೆ ಅಂತಿದ್ದಲ್ಲಯ್ಯ. ಆಳು ಒಳಗೇ ಇದ್ದ. ಬಿಲ್ಲೆ ಎಂಗೆ ಓಯ್ತು?"

ತಾತ ನೆಲ ನೋಡುತ್ತಿದ್ದ. ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ತಲೆ ಬೋಳಿಸಿಕೊಂಡು. ತಾತ ಒಂದು ಸಲ ನನ್ನ ಕಡೆ ನೋಡಿದ. ನಾನು ಟೀ ಅಂಗಡಿ ಮುಂದೆ ಇನ್ನೂ ಕಟ್ಟಿದ್ದ ಅಣ್ಣನ ಎತ್ತಿನ ಕಡೆ ನೋಡಿದೆ.

"ಕೊಟ್ಟಿದ್ದು ನನ್ ಕೈ" ಅಂದ ತಾತ.

"ಯಾಕ್ ಕೊಟ್ಟೆ?"

"ಕೊಟ್ಟಿದ್ದು ನನ್ ಕೈ. ತಪ್ಪು ಕೊಟ್ಟ ಕೈದು."

ತಮ್ಮ ಇಸಿದುಕೊಂಡ ಅಂತ ಎಲ್ಲರಿಗೂ ಗೊತ್ತಿತ್ತು, ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ತಮ್ಮ ಕೇಳುವುದು ಸಹಜ, ಕೊಡಬಾರದಿತ್ತು ಅಂತ ಜನ. ನೋಡ್ದೆ, ಕಣ್ಣಾರೆ ನೋಡ್ದೆ ಅಂತ ನಾನು ಹೇಳಿದ್ದು ಮಾತ್ರ ತಾತನಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹಾರನ್ ಸದ್ದಿನಲ್ಲಿ ಹಾಲಿನ ವ್ಯಾನಿನವನಿಗೂ ಕೇಳಿಸಿರಲಿಲ್ಲ. ತಾತ ಅದನ್ನು ಹೇಳಲಿಲ್ಲ. ಹೇಳುತ್ತಾನೆ ಅಂತ ನಾನು ಕಾದೆ. ಹೇಳಿದ್ದರೆ ಇಲ್ಲ ಅನ್ನುತ್ತಿದ್ದೆನೋ ಏನೋ. ಗೊತ್ತಿಲ್ಲ.

ಅಮ್ಮ ತಾತನ ಮುಖಕ್ಕೆ ಮಣ್ಣು ಎರಚಿದಳು. ಕಂಟ್ರಾಕ್ಟರು ಅವತ್ತೇ ಅವನನ್ನು ಕೆಲಸದಿಂದ ತೆಗೆದ. ತಾತ ಹೋಗುವ ಮುಂಚೆ ಹಲಗೆಯನ್ನು ಒರಸಿ ಒಳಗೆ ಇಟ್ಟ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಂತ. ಬಸ್ಸು ಬರುವವರೆಗೂ ಅವನ ಹತ್ತಿರ ಯಾರೂ ನಿಲ್ಲಲಿಲ್ಲ. ಹೊಸದಾಗಿ ಬಂದ ಗೇಟಿನವನು ಮೊಳೆಗೆ ಬಿಲ್ಲೆ ಹಾಕುವುದು ಬಿಟ್ಟ. ತೋರಿಸಿದರೆ ಸಾಕು. ಜನ ಮತ್ತೆ ಹಿಂದಕ್ಕೆ ಎಸೆಯುವುದಕ್ಕೆ ಶುರು ಮಾಡಿದರು.

ನಾನು ಅದೇ ಸೇತುವೆ ಮೇಲೆ ಮೂರು ವರ್ಷ ಇಟ್ಟಿಗೆ ಹೊಡೆದೆ. ಹೊಟ್ಟೆ ಕೇಳುವುದಿಲ್ಲ. ಅತ್ತಿಗೆ ಇಟ್ಟಿಗೆ ಗೂಡಿಗೆ ಕೂಲಿಗೆ ಬಂದಳು. ಕಾಲ್ನಡಿಗೆಯವರಿಗೆ ಬಿಲ್ಲೆ ಬೇಡ. ಬೆಳಗ್ಗೆ ಸೇತುವೆ ಕಡೆಯ ರಸ್ತೆಯಲ್ಲಿ ಅವಳು ನಡೆದು ಹೋಗುತ್ತಿದ್ದರೆ ನಾನು ಟ್ರ್ಯಾಕ್ಟರ್ ನಿಲ್ಲಿಸಿ ಹತ್ತು ಅನ್ನುತ್ತಿದ್ದೆ. ಹತ್ತುತ್ತಿದ್ದಳು. ಗೇಟು ಬಂದಾಗಲೆಲ್ಲಾ ತಾತ ಕೂರುತ್ತಿದ್ದ ಗುಡಿಸಲ ಕಡೆ ಥೂ ಅಂತ ಉಗಿಯುತ್ತಿದ್ದಳು. ದಿನಾ. ನಾನು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದೆ.

ಕೊನೆಗೆ ಒಂದು ಭಾನುವಾರ ನಂದಿದುರ್ಗಕ್ಕೆ ಹೋದೆ. ಲೈನ್ ಮನೆಗಳಲ್ಲಿ ಕೇಳಿಕೊಂಡು ಹೋದೆ, ಸೇತುವೆ ಗೇಟಿನಲ್ಲಿದ್ದ ತಾತ ಅಂತ. ಒಂದೇ ಕೋಣೆ. ಬಾಗಿಲಿಗೆ ಗೋಣಿ. ತಾತ ಗೋಡೆಗೆ ಒರಗಿ ಕೂತಿದ್ದ, ಮಲಗಿದರೆ ಉಸಿರು ನಿಲ್ಲುತ್ತದೆ ಅಂತ. ಸೊಸೆ ಬಿಸಿನೀರು ಕೊಟ್ಟು ಹೊರಗೆ ಹೋದಳು. ನನ್ನ ಗುರುತು ಸಿಕ್ಕಿತು.

"ಇಪ್ಪತ್ತೇಳು" ಅಂದ.

"ಊಂ ತಾತ."

"ಕೂತ್ಕೋ."

ಕೂತೆ.

"ಯಾಕೆ ಯೇಳ್ಲಿಲ್ಲ ತಾತ? ನಾನು ಸುಳ್ ಯೇಳ್ದೆ ಅಂತ?"

ಅವನು ಉಸಿರು ಸಿಗುವವರೆಗೂ ಕಾದ.

"ನಾನ್ ಕೇಳಿದ್ದೇ ತಪ್ಪು. ನೋಡ್ದಾ ಅಂತ ಬಾಯಲ್ಲಿ ಕೇಳ್ದೆ. ಶಾಫ್ಟಲ್ಲಿ ಯಾರನ್ನೂ ಕೇಳಲ್ಲ ತಂಬಿ. ಬಾಯಿ ಏನ್ ಬೇಕಾದ್ರೂ ಅಂತದೆ. ಮೂವತ್ ವರ್ಷ ಮಾಡ್ದೆ, ಒಂದಿನ ಕೇಳಿಲ್ಲ. ಮೇಲೆ ಬಿಸ್ಲಲ್ಲಿ ಕೂತು ಕೇಳ್ಬುಟ್ಟೆ." ಮತ್ತೆ ಕೆಮ್ಮಿದ. "ಮನೇಲಿ ಯೇಳ್ದಾ?"

"ಇಲ್ಲ."

"ಮೂರ್ ವರ್ಷ ಆಯ್ತಲ್ಲ."

"ಇಲ್ಲ ತಾತ."

ಅವನು ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡ. ಬೈಯಲಿಲ್ಲ. ಎದ್ದು ಬಂದೆ. ಮಳೆಗಾಲಕ್ಕೆ ಮುಂಚೆ ಸತ್ತ ಅಂತ ಟೀ ಅಂಗಡಿಯವನಿಂದ ಗೊತ್ತಾಯಿತು. ಮಣ್ಣಿಗೆ ನಾನು ಹೋಗಲಿಲ್ಲ.

ಸುದ್ದಿ ಬಂದ ದಿನ ಮನೆಗೆ ಬಂದೆ. ಅತ್ತಿಗೆ ಹಜಾರದಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಗೇಟಿನ ತಾತ ಸತ್ತ ಅಂದೆ.

"ಸಾಯ್ಲಿ" ಅಂದಳು.

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ತಾತ ಕೊಡಲ್ಲ ಅಂದ. ನಾನು ಬಿಡಲಿಲ್ಲ. ನೋಡ್ದಾ ಅಂದ. ನೋಡ್ದೆ ಅಂದೆ. ನೋಡಿರಲಿಲ್ಲ. ಬಿಳಿ ಎತ್ತು ನೋಡಿದ್ದೆ, ಅಣ್ಣನನ್ನು ನೋಡಿರಲಿಲ್ಲ. ಇಷ್ಟೇ ಮಾತು. ಇಷ್ಟು ಮಾತಿಗೆ ಮೂರು ವರ್ಷ ಬೇಕಾಯಿತು.

ಮೊರ ನಿಂತಿತು. ಅವಳು ನನ್ನನ್ನು ನೋಡಲಿಲ್ಲ. ಒಲೆ ಪಕ್ಕದ ಗೂಡಿನ ಕಡೆ ನೋಡಿದಳು. ಬಿಲ್ಲೆ ಅಲ್ಲೇ ಇತ್ತು, ಕಂಟ್ರಾಕ್ಟರಿಗೆ ವಾಪಸ್ಸು ಕೊಟ್ಟಿರಲಿಲ್ಲ. ಹೊಗೆ ಹಿಡಿದು ಕಪ್ಪಾಗಿತ್ತು. ಅಳುತ್ತಾಳೆ ಅಂದುಕೊಂಡೆ. ಅಮ್ಮನನ್ನು ಕೂಗುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

"ಅವತ್ತು ನೀನು ಎರಡು ಮುದ್ದೆ ತಿಂದೆ" ಅಂದಳು.

ಹೌದು, ತಿಂದೆ.